ಮಾಳಿಗೆಯ ಮೇಲಿನ ಕೌದಿ

“ಗುಡ್ಡದ ಮ್ಯಾಲ ಕರಕೊಂಡು ಹೋಗಿ ಅಲ್ಲಿಂದ ನಮ್ಮನಿ ತೋರಸ್ತೀನಿ.”

ಐಶ್ವರ್ಯಾ ಆಗಿನ್ನೂ ಅಂಗನವಾಡಿಯ ಮಗು. ಜ್ವರದಲ್ಲಿ ಗುಳಿಗೆ ನುಂಗಲೊಲ್ಲೆನೆಂದು ಹಟ ಹಿಡಿದಾಗ ಗವಿಸಿದ್ದಪ್ಪ ಆಡಿದ ಮಾತು. ಅವಳು ಗುಳಿಗೆ ನುಂಗಿದಳು. ಅವನು ಮರೆತ. ಈಗವಳು ಹೈಸ್ಕೂಲು. ನಡುವಿನ ವರ್ಷಗಳಲ್ಲಿ ಅವನು ನರಗುಂದದ ಗುಡ್ಡ ಹತ್ತದ ತಿಂಗಳಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಊರಿಗೆ ಯಾರೇ ಬರಲಿ, ಕೋಟೆ ತೋರಿಸುವ ಕೆಲಸ ಅವನದೇ.

ಈ ಭಾನುವಾರ ಹುಬ್ಬಳ್ಳಿಯಿಂದ ಅಧ್ಯಾಪಕರ ತಂಡವೊಂದು ಬಂದಿತ್ತು. ಹೊರಡುವಾಗ ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೀನಿ. ಪಪ್ಪಾ, ನೀ ಮಾತು ಕೊಟ್ಟಿದ್ದಿ.”

“ಬಿಸಿಲೈತಿ.”

“ಊರ ಮಂದಿಗೆಲ್ಲಾ ತೋರಸ್ತೀರಿ,” ಎಂದಳು ಹೆಂಡತಿ ಮಾಲಾ ಒಳಗಿನಿಂದ. “ಮಗಳಿಗೆ ತೋರ್ಸಾಕ ಸರಕಾರದ ಆರ್ಡರ್ ಬರಬೇಕೇನ್ರಿ?”

ಅವನು ನಕ್ಕ. ಅದು ತಮಾಷೆಯಲ್ಲವೆಂದು ಹೊಳೆದದ್ದು ಬೂಟಿನ ಲೇಸು ಕಟ್ಟಿದ ಮೇಲೆ.

ತಾಯಿ ಮಗಳು ಒಂದು ಗುರುತು ಮಾಡಿಕೊಂಡಿದ್ದರು. ಮಾನೌಮಿ ಹಬ್ಬ ಹತ್ತಿರ ಬಂತೆಂದು ಮಾಲಾ ನಸುಕಿನಲ್ಲೇ ಹಾಸಿಗೆ ಹೊದಿಕೆ ಒಗೆದಿದ್ದಳು. ದೊಡ್ಡ ಕೌದಿಯನ್ನು ಮಾಳಿಗೆಯ ಮೇಲೆ ಹರವಿ ಪಕ್ಕದಲ್ಲೇ ನಿಂತಿರುತ್ತಾಳೆ. ಇವರು ಮೇಲಿಂದ ಕೈ ಬೀಸಬೇಕು.

“ಎಷ್ಟೊತ್ತು ನಿಂದರ್ಲೆವಾ?”

“ಪಪ್ಪಾ ಕೈ ಮಾಡೂತನಕಾ.”

ಹತ್ತುತ್ತ ಗವಿಸಿದ್ದಪ್ಪ ಮಾತಾಡಿದ. ಇದು ಬಾಗಿಲು. ಇದು ಬುರುಜು ಇದ್ದ ಜಾಗ. ಹದಿನೆಂಟುನೂರಾ ಐವತ್ತೆಂಟರ ಬಂಡಾಯ. ಆಮೇಲೆ ನೀರಿನ ಕರದ ವಿರುದ್ಧ ಎದ್ದ ರೈತರದು. ಕೆಳಗೆ ಕಾಣುವುದು ಕಡಲೆ, ಹತ್ತಿ, ಗೋವಿನಜೋಳದ ಪೇಟೆ. ನಗಿಸುವ ಜಾಗದಲ್ಲಿ ನಗಿಸಿದ. ದನಿ ಇಳಿಸುವ ಜಾಗದಲ್ಲಿ ಇಳಿಸಿದ. ತನ್ನ ದನಿಯನ್ನು ಬೇರೆ ಯಾರೋ ಬಾಡಿಗೆಗೆ ತೆಗೆದುಕೊಂಡಂತೆ ಕೇಳಿಸುತ್ತಿತ್ತು.

“ಗವಿ ಸರ್ ಕಲ್ಲನ್ನೂ ಮಾತಾಡಸ್ತಾರ್ರಿ,” ಎಂದ ಸಹೋದ್ಯೋಗಿ ಮೈನುದ್ದೀನ, ಏದುಸಿರು ಬಿಡುತ್ತ. “ಮನಿಗಿ ಹೋದ್ರ ತಾವ ಕಲ್ಲ ಆಗ್ತಾರ.”

ಎಲ್ಲರೂ ನಕ್ಕರು. ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೇಲೆ ಗಾಳಿ. ಬಂದವರು ಮೊಬೈಲು ಹಿಡಿದು ಚದುರಿದರು. ಐಶ್ವರ್ಯಾ ಅವನ ಕೈ ಹಿಡಿದು ಅಂಚಿಗೆ ಎಳೆದಳು. ಅವಳು ಹಾಗೆ ಕೈ ಹಿಡಿದು ಬಹಳ ದಿನವಾಗಿತ್ತು.

ಕೆಳಗೆ ಊರು. ಊರಿನ ತುಂಬ ಕೌದಿ.

ಮಾನೌಮಿಯ ಮುಂದಿನ ಭಾನುವಾರ. ಮಳೆ ಬಿಟ್ಟು ಬಿಸಿಲು ಬಿದ್ದಿದೆ. ಯಾರು ಒಗೆಯುವುದಿಲ್ಲ? ಮಾಳಿಗೆ ಮಾಳಿಗೆಯ ಮೇಲೆ ಹಳೆಯ ಸೀರೆಗಳ ತುಂಡು ಹೊಲಿದ ಬಣ್ಣಬಣ್ಣದ ಚೌಕಗಳು; ಬಡಿಯುವ, ಮಗುಚುವ ಹೆಂಗಸರು. ಮೂವರಲ್ಲಿ ಒಬ್ಬರಿಗೂ ಇದು ತಲೆಗೆ ಬಂದಿರಲಿಲ್ಲ.

“ತೋರಸು ಪಪ್ಪಾ.”

ಅವನು ಕ್ರಮವಾಗಿ ಹೊರಟ. ಬಸ್‌ಸ್ಟ್ಯಾಂಡು. ಅಲ್ಲಿಂದ ಪೇಟೆ. ಪೇಟೆಯಿಂದ ಎಡಕ್ಕೆ ತಿರುಗಿದರೆ... ಓಣಿಗಳು ಒಂದರೊಳಗೊಂದು ಮುಳುಗಿದವು.

“ನಮ್ಮ ಕೌದಿ ಯಾ ಬಣ್ಣದ್ದು?”

ಅವಳು ಕೈ ಬಿಟ್ಟಳು. “ದಿನಾ ಹೊದ್ಕೊಂಡು ಮಲಗತಿಯಲ್ಲ?”

“ಹೌದು... ಕೆಂಪ ಅಲ್ಲೇನು?”

ಅವಳು ಕೆಳಗಿನ ಮಾಳಿಗೆಗಳತ್ತ ತಿರುಗಿದಳು.

ಕೌದಿಯ ಭಾರ ಅವನಿಗೆ ನೆನಪಿತ್ತು. ಡಾಂಬರಗುಳಿಗೆಯ ವಾಸನೆ ನೆನಪಿತ್ತು. ಬಣ್ಣ ಇರಲಿಲ್ಲ. ಕತ್ತಲಲ್ಲಿ ಎಳೆದುಕೊಳ್ಳುತ್ತಿದ್ದ; ಅವನು ಮುಖ ತೊಳೆದು ಬರುವಷ್ಟರಲ್ಲಿ ಮಾಲಾ ಮಡಿಚಿ ಇಟ್ಟಿರುತ್ತಿದ್ದಳು. ಅದನ್ನು ಹೊಲಿಯುವಾಗ ಅವಳು ಏನೋ ಹೇಳಿದ್ದಳು. ಯಾವ ತುಂಡು ಯಾವ ಸೀರೆಯದು, ಯಾವುದು ಮದುವೆಯದು. ಅವನು ಪೇಪರು ತಿದ್ದುತ್ತ ಹೂಂಗುಟ್ಟಿದ್ದ.

“ನಿನಗ ಕಾಣಾಕತ್ತಿರಬೇಕಲ್ಲ. ನೀನ ಹೇಳು.”

“ತೋರಸ್ತೀನಿ ಅಂದಾಂವ ನೀ.”

“ಗವಿ ಸರ್, ಗ್ರೂಪ್ ಫೋಟೋ! ಲಗೂ ಬರ್ರಿ!” ಮೈನುದ್ದೀನ ಕೂಗಿದ.

“ಮಮ್ಮಿ ಬಿಸಿಲಾಗ ನಿಂತಾಳ, ಪಪ್ಪಾ.”

ಗವಿಸಿದ್ದಪ್ಪ ಬೆರಳು ಎತ್ತಿದ. ಇಷ್ಟು ವರ್ಷ ಕೋಟೆ ತೋರಿಸಿದ ಬೆರಳು, ಅಲುಗಲಿಲ್ಲ. “ಅಗೋ, ಅದ.” ಕೆಂಪು ಅಂಚಿನದೊಂದು ಕೌದಿ, ಪಕ್ಕದಲ್ಲಿ ಒಬ್ಬ ಹೆಂಗಸು. ಎರಡೂ ಕೈ ಎತ್ತಿ ಬೀಸಿದ. ಬೀಸುತ್ತಲೇ ಇದ್ದ.

ಆ ಹೆಂಗಸು ತಲೆ ಎತ್ತಲಿಲ್ಲ. ಕೌದಿ ಮಗುಚಿ ಹಾಕಿ ಕೆಳಗಿಳಿದು ಹೋದಳು.

“ನೋಡಿದಿಲ್ಲೋ?” ಎಂದು ಮಗಳ ಕಡೆ ತಿರುಗಿದ.

ಐಶ್ವರ್ಯಾ ನೋಡುತ್ತಿದ್ದದ್ದು ಬೇರೆಯೇ ದಿಕ್ಕಿಗೆ. ಅಲ್ಲಿ, ದೂರದಲ್ಲಿ, ಒಂದು ಮಾಳಿಗೆಯ ಮೇಲೆ ಚುಕ್ಕೆಯಂಥದ್ದು ಅಲುಗದೆ ನಿಂತಿತ್ತು. ಅವನು ನೋಡಲಿಲ್ಲ, ಫೋಟೋದವರು ಕರೆಯುತ್ತಿದ್ದರು, ನಡುವೆ ನಿಂತು ನಗಬೇಕಿತ್ತು.

ಮಗಳಿಗೆ ಮನೆ ತೋರಿಸುತ್ತೇನೆಂದು ಹೇಳಿದ್ದ. ತೋರಿಸಲಿಲ್ಲ.