ಪತ್ರಿಕೆ ಹಂಚಿದ ರೇಸ್ ಕಾರು

ರೇಸ್ ಕಾರಿಗೆ ಕಡಿಮೆ ದುಡ್ಡಿನಲ್ಲಿ ಎಂಜಿನ್ ಕಟ್ಟುವುದೆಂದರೆ, ಬೇರೆಯವರು ಬಿಸಾಕಿದ್ದರಲ್ಲಿ ಇನ್ನೂ ಜೀವ ಇರುವುದು ಯಾವುದು ಎಂದು ಹುಡುಕುವುದು. ಮಾಚೇನಹಳ್ಳಿಯಲ್ಲಿ ಲೇತ್ ಶೆಡ್ ಇಟ್ಟುಕೊಂಡಿದ್ದ ಶಿವರಾಜನಿಗೆ ಅದಕ್ಕೆ ಬೇಕಾದ ಕಣ್ಣಿತ್ತು. ಅವನ ಗೆಳೆಯ, ಭದ್ರಾವತಿಯ ಮೆಕ್ಯಾನಿಕ್ ವೀರೇಂದ್ರನಿಗೆ ಮೂಗಿತ್ತು. ಯಾವ ಗುಜರಿಗೆ ಏನು ಬಂದಿದೆ ಎಂಬುದು ಅವನಿಗೆ ವಾಸನೆ ಹತ್ತುತ್ತಿತ್ತು.

ಕಾರು ಶಿವರಾಜನ ಅಪ್ಪ ಪರಮೇಶ್ವರಪ್ಪನವರದು. ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರ ಹಳೆಯ ಫಿಯೆಟ್, ಹೊಗೆ ಉಗುಳಲು ಶುರು ಮಾಡಿದ ಮೇಲೆ ರವೀಂದ್ರನಗರದ ಮನೆ ಮುಂದೆ ನಿಂತುಬಿಟ್ಟಿತ್ತು. ತಾಯಿ ಕಲ್ಲಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ರೇಸಿಗೆ ಅದನ್ನು ಕೊಡಿ ಎಂದು ಮಗ ಕೇಳಿದ.

"ಅಲ್ಲೋ ಶಿವು, ನಾನೂರು ಮೀಟರ್ ಓಡ್ಸೋಕೆ ಎಂಜಿನ್ ಕಟ್ತಾರೇನೋ? ಅಷ್ಟು ದೂರ ನಾನು ಹಾಲು ತರೋಕೆ ನಡ್ಕೊಂಡೇ ಹೋಗ್ತೀನಿ."

"ಯಾರು ಮೊದ್ಲು ಮುಟ್ತಾರೆ ಅನ್ನೋದು ಮುಖ್ಯ ಅಪ್ಪಾಜಿ. ಎರಡು ಕಾರು, ಸೀದಾ ರಸ್ತೆ."

"ಆಯ್ತು. ಒಂದೇ ಸಲ. ಗೆದ್ರೆ ಶೆಡ್ಡಿನ ಸುದ್ದಿಗೆ ನಾನು ಬರಲ್ಲ. ಸೋತ್ರೆ ಅದಕ್ಕೆ ಬೀಗ ಹಾಕಿ ಬಂದು ಅಂಗಡೀಲಿ ಕೂರ್ಬೇಕು."

ಶಿವರಾಜ ಅಂಗಡಿಯಲ್ಲಿ ಕೂತು ನೋಡಿದ್ದವನೇ. ರಾಶಿ ಸೀರೆ ಬಿಡಿಸಿ ತೋರಿಸಿದ ಮೇಲೆ ಒಬ್ಬ ಹೆಂಗಸು, "ಇದೇ ಬಣ್ಣದಲ್ಲಿ ಬೇರೆ ಬಣ್ಣ ಇಲ್ವಾ?" ಎಂದು ಕೇಳಿದ್ದಳು. ಅವತ್ತು ಎದ್ದು ಹೊರಟವನು ಲೇತಿನ ಮುಂದೆ ಬಂದು ನಿಂತಿದ್ದ. ಕಬ್ಬಿಣ ಹಾಗೆಲ್ಲ ಕೇಳುವುದಿಲ್ಲ.

ಗೆಳೆಯರು ಎಂಜಿನ್ ಬಿಚ್ಚಿದರು. ಭದ್ರಾವತಿಯ ಗುಜರಿಯಲ್ಲಿ ಇನ್ನೊಂದು ಫಿಯೆಟ್ಟಿನ ಕ್ರ್ಯಾಂಕ್ ಸಿಕ್ಕಿತು. ಸವೆದ ಸಿಲಿಂಡರುಗಳನ್ನು ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿದರು. ಒಳಗಿನ ಒತ್ತಡ ಏರಲೆಂದು ಹೆಡ್ಡನ್ನು ಒಂದಿಷ್ಟೇ ಹೆರೆದರು. ಭಾರದ ಫ್ಲೈವೀಲನ್ನು ಶಿವರಾಜ ತನ್ನ ಲೇತಿನಲ್ಲೇ ಕೆತ್ತಿ ಹಗುರ ಮಾಡಿದ. ಕಾರ್ಬುರೇಟರ್ ಹಳೇ ಜೀಪಿನದು, ಸೈಲೆನ್ಸರ್ ಜಾಗದಲ್ಲಿ ಬೋರ್‌ವೆಲ್ ಪೈಪಿನ ತುಂಡು. ಹಿಂದಿನ ಸೀಟನ್ನು ಕಿತ್ತು ಶೆಡ್ಡಿಗೆ ಬರುವವರು ಕೂರಲೆಂದು ಹಾಕಿದರು.

ಆದರೆ ಬೋರ್ ಮಾಡಿದ ಎಂಜಿನ್ ಪಳಗಬೇಕು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸಿ, ನಲವತ್ತರ ವೇಗ ದಾಟದೆ ಸಾವಿರ ಕಿಲೋಮೀಟರ್ ಓಡಿಸುವುದು ಆಗಿನ ಪದ್ಧತಿ. ಅಷ್ಟು ಪೆಟ್ರೋಲಿಗೆ ಇಬ್ಬರಲ್ಲೂ ಕಾಸಿರಲಿಲ್ಲ. ಇದು ಪರಮೇಶ್ವರಪ್ಪನವರ ಕಿವಿಗೆ ಬಿತ್ತು. ಮಗಳು ಸೌಂದರ್ಯಳ ಮದುವೆ ಗೊತ್ತಾಗಿತ್ತು. ಮನೆಗೇ ಹೋಗಿ ಪತ್ರಿಕೆ ಕೊಡದಿದ್ದರೆ ನೆಂಟರು ಬರುವುದಿಲ್ಲ. ಬಂದರೂ ಮುಖ ಊದಿಸಿಕೊಂಡು ಕೂರುತ್ತಾರೆ.

"ಪೆಟ್ರೋಲ್ ನಾನು ಹಾಕಿಸ್ತೀನಿ. ನಿನ್ ಎಂಜಿನ್ನೂ ಪಳಗ್ಲಿ, ನನ್ ಪತ್ರಿಕೇನೂ ಹಂಚಿ ಮುಗೀಲಿ," ಎಂದರು. ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುವಾಗ ಅವರ ಮುಖ ನೋಡಬೇಕು.

ಹಾಗೆ ಮುಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಮಗ ಮೂವರೂ ಒತ್ತಿಕೊಂಡು ಚನ್ನಗಿರಿ, ಶಿಕಾರಿಪುರ, ತರೀಕೆರೆ ಕಡೆಯೆಲ್ಲ ತಿರುಗಿದರು. ಓಡಲೆಂದೇ ಕಟ್ಟಿದ ಎಂಜಿನ್ನಿಗೆ ನಿಧಾನ ಹೋಗಲು ಬರುತ್ತಿರಲಿಲ್ಲ. ಕೆಮ್ಮಿ, ಜಗ್ಗಿ, ಮತ್ತೆ ಕೆಮ್ಮುತ್ತಿತ್ತು. ಮನೆಮನೆಯಲ್ಲಿ ಕಲ್ಲಮ್ಮನ ಮಡಿಲಿಗೆ ಹಾಕಿದ ತೆಂಗಿನಕಾಯಿಗಳು ಸೀಟಿಲ್ಲದ ಹಿಂಭಾಗದಲ್ಲಿ ಆ ಕಡೆಯಿಂದ ಈ ಕಡೆಗೆ ಉರುಳಾಡುತ್ತಿದ್ದವು. ಯಾರ ಮನೆಯ ಬಾಗಿಲನ್ನೂ ಬಡಿಯಬೇಕಾಗಲಿಲ್ಲ.

"ಬೋರ್ ಕೊರೆಯೋ ಲಾರಿ ಬಂತು ಅನ್ಕೊಂಡೆ ಕಣೇ ಕಲ್ಲಮ್ಮ!" ಎನ್ನುತ್ತ ಚನ್ನಗಿರಿಯ ಚಿಕ್ಕಮ್ಮ ಹಾಲಮ್ಮ ಬೀದಿಗೇ ಓಡಿ ಬಂದಿದ್ದರು.

ದಾರಿಯಲ್ಲಿ ಎಲ್ಲರೂ ಈ ಕಾರನ್ನು ಹಿಂದೆ ಹಾಕಿದರು. ಬಸ್ಸು, ಲಾರಿ, ಮೊಪೆಡ್ಡಿನಲ್ಲಿ ಕಾಲೇಜಿಗೆ ಹೊರಟ ಹುಡುಗಿಯರು. ಕೊನೆಗೊಂದು ದಿನ ತರೀಕೆರೆ ರಸ್ತೆಯಲ್ಲಿ ಮದುಮಗನ ಅಪ್ಪ ಮೂರ್ತಪ್ಪನವರೇ ಸ್ಕೂಟರಿನಲ್ಲಿ ಬಂದರು. ಹಿಂದೆ ಹೆಂಡತಿ, ಕಾಲ ಬಳಿ ಗ್ಯಾಸ್ ಸಿಲಿಂಡರು.

"ಏನ್ ಬೀಗ್ರೇ, ಗಾಡಿ ಕೆಟ್ಟಿದ್ಯಾ? ಹಗ್ಗ ತರ್ಲಾ?" ಎಂದು ನಕ್ಕು ಮುಂದೆ ಹೋದರು.

"ಲೇ, ಸ್ವಲ್ಪ ಒತ್ತೋ," ಎಂದರು ಪರಮೇಶ್ವರಪ್ಪ.

"ಒತ್ತೋ ಹಾಗಿಲ್ಲ ಅಪ್ಪಾಜಿ. ಇನ್ನೂ ಪಿಸ್ಟನ್ ರಿಂಗ್ ಕೂತಿಲ್ಲ."

"ನಿನ್ ರಿಂಗ್ ಕೂರೋ ಅಷ್ಟ್ರಲ್ಲಿ ನನ್ ಮಾನ ಎದ್ದು ಹೋಗುತ್ತೆ."

ರೇಸು ಒಂದು ಭಾನುವಾರ ಬೆಳಿಗ್ಗೆ, ಊರಾಚೆಯ ಹೊಸ ಬಡಾವಣೆಯಲ್ಲಿ ನಡೆಯಿತು. ಅಲ್ಲಿ ರಸ್ತೆ ಬಂದಿತ್ತು, ಮನೆಗಳು ಬಂದಿರಲಿಲ್ಲ. ಎದುರಾಳಿ ಶ್ರೇಯಸ್ ಎಂಬ ಹುಡುಗ. ಅವನ ಎಸ್ಟೀಮ್ ಕಾರಿಗೆ ಸಾಮಾನೆಲ್ಲ ಬೆಂಗಳೂರಿನಿಂದ ಬಂದಿತ್ತು. ಕಲ್ಲಮ್ಮನೂ ಬೀಗರೂ ನೋಡಲು ಬಂದು ನಿಂತಿದ್ದರು.

ಶ್ರೇಯಸ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಅಂಕಲ್, ಪತ್ರಿಕೆ ಎಲ್ಲ ಹಂಚಿ ಆಯ್ತಾ? ನಮ್ಮನೇಗೆ ಬರ್ಲೇ ಇಲ್ಲ."

ಸೇರಿದ್ದ ಜನ ನಕ್ಕರು. ಮೂರ್ತಪ್ಪನವರೂ ನಕ್ಕರು. ಪರಮೇಶ್ವರಪ್ಪ ಪಂಚೆ ಎತ್ತಿ ಕಟ್ಟಿ, ಫಿಯೆಟ್ಟಿನ ಬಾಗಿಲು ತೆಗೆದು ಒಳಗೆ ಕೂತುಬಿಟ್ಟರು.

"ಅಪ್ಪಾಜಿ, ಇಳೀರಿ. ಭಾರ ಆಗುತ್ತೆ."

"ಇಳಿಯಲ್ಲ."

ವೀರೇಂದ್ರ ಓಡಿ ಬಂದ. "ಯಜಮಾನ್ರೇ, ಸೀಟ್ ಕಿತ್ತು, ಹಾರ್ನ್ ಕಿತ್ತು, ಸ್ಟೆಪ್ನಿ ತೆಗೆದು ಹಗುರ ಮಾಡಿದೀವಿ..."

"ನಾನೇನು ಸೀಟಾ, ಕಿತ್ತು ಬಿಸಾಕೋಕೆ? ಲೋಕವೆಲ್ಲ ಇದನ್ನ ಹಿಂದೆ ಹಾಕಿದ್ದನ್ನ ಒಳಗೆ ಕೂತು ನೋಡಿದೋನು ನಾನು. ಇದು ಓಡೋದನ್ನೂ ಒಳಗೇ ಕೂತು ನೋಡ್ತೀನಿ."

ಬಾವುಟ ಹಿಡಿದಿದ್ದ ಕೆಂಚಪ್ಪ ಮೇಷ್ಟರಿಗೆ ಬಿಸಿಲು ತಾಗುತ್ತಿತ್ತು. "ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿ. ಕೂರ್ಲಿ ಬಿಡ್ರಪ್ಪಾ," ಎಂದರು. ಮೂರ್ತಪ್ಪ ತಮ್ಮ ಸ್ಕೂಟರಿನ ಹೆಲ್ಮೆಟ್ ಕೊಟ್ಟರು. ಅದು ತಲೆಗೆ ಬಿಗಿಯಾಗಿ ಕೂತಿತು.

ಬಾವುಟ ಇಳಿಯಿತು. ಫಿಯೆಟ್ ಮೊದಲ ಬಾರಿಗೆ ಬಾಯಿ ಬಿಟ್ಟು ಕೂಗಿತು. ಮುಂದಿನ ಚಕ್ರಗಳು ಹಗುರಾದವು, ಪರಮೇಶ್ವರಪ್ಪ ಸೀಟಿಗೆ ಅಂಟಿಕೊಂಡು "ಹೋಯ್!" ಎಂದದ್ದು ರಸ್ತೆಯ ಆಚೆಗೂ ಕೇಳಿತು. ಮೂರನೇ ಗೇರಿನ ತನಕ ಫಿಯೆಟ್ಟೇ ಮುಂದೆ. ಆಮೇಲೆ ಎಸ್ಟೀಮು ಪಕ್ಕಕ್ಕೆ ಬಂತು, ಸಮಸಮವಾಯಿತು, ಗೆರೆಯ ಹತ್ತಿರ ಒಂದು ಬಾನೆಟ್ಟಿನಷ್ಟು ಮುಂದೆ ಹೋಯಿತು.

ಕಾರು ನಿಂತ ಮೇಲೂ ಶಿವರಾಜ ಸ್ಟೇರಿಂಗ್ ಬಿಡಲಿಲ್ಲ. "ಸೋತೆ ಅಪ್ಪಾಜಿ. ನಾಳೆಯಿಂದ ಅಂಗಡಿಗೆ ಬರ್ತೀನಿ."

ಪರಮೇಶ್ವರಪ್ಪ ಹೆಲ್ಮೆಟ್ಟನ್ನು ಎಳೆಯುತ್ತಿದ್ದರು, ಅದು ತಲೆಯಿಂದ ಬರುತ್ತಿರಲಿಲ್ಲ. ಅಷ್ಟರಲ್ಲಿ ಎಲ್ಲರೂ ಓಡಿ ಬಂದರು. ವೀರೇಂದ್ರ ಎರಡು ಕೈ ಹಾಕಿ ಎಳೆದಾಗ ಒಳಗಿನಿಂದ ಕೆಂಪು ಮುಖ ಹೊರಬಂತು. ಮದುವೆ ಗಂಡಿನ ಮುಖದಲ್ಲೂ ಅಷ್ಟು ಕಳೆ ಇರಲಾರದು.

"ವೀರೇಂದ್ರ, ನಾನು ಕೂರದೇ ಇದ್ದಿದ್ರೆ?"

ವೀರೇಂದ್ರ ಆಕಾಶ ನೋಡಿದ.

"ಹೇಳೋ ಮಾರಾಯ. ಜೀವಮಾನವೆಲ್ಲ ಗಜಕಡ್ಡಿ ಹಿಡಿದೋನು ನಾನು, ಅಳತೆಗೆ ಹೆದರಲ್ಲ."

"ಆರಾಮಾಗಿ ಗೆಲ್ತಿತ್ತು ಯಜಮಾನ್ರೇ."

ಪರಮೇಶ್ವರಪ್ಪ ಮಗನನ್ನು ನೋಡಿದರು, ಕಾರನ್ನು ನೋಡಿದರು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. "ಹಾಗಾದ್ರೆ ಸೋತಿದ್ದು ನಾನು, ಅವನಲ್ಲ. ಅಂಗಡೀಲಿ ನಾನೇ ಕೂರ್ತೀನಿ."

"ಈಗ್ಲೂ ನೀವೇ ಅಲ್ವಾ ಅಲ್ಲಿ ಕೂರೋದು?" ಎಂದರು ಕಲ್ಲಮ್ಮ.

"ಇಷ್ಟು ದಿನ ಸುಮ್ನೆ ಕೂರ್ತಿದ್ದೆ. ಇನ್ಮೇಲೆ ಸೋತು ಕೂರ್ತೀನಿ. ಅದು ಬೇರೆ."

ಶಿವರಾಜ ಇಳಿದು ಬಾನೆಟ್ ಎತ್ತಿದ, ತಲೆಯನ್ನು ಒಳಗಿಟ್ಟು ಬಹಳ ಹೊತ್ತು ಏನನ್ನೋ ಹುಡುಕುತ್ತ ನಿಂತ.