ಆರನೆಯ ಕೆಂಪು

ಇಪ್ಪತ್ತೆರಡು ವರ್ಷ ಮೀನಿನ ಕಿವಿರು ಎತ್ತಿ, ಮೂಸಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಹೇಳಿದವಳು ಅಕ್ಕ. ಸಗಟು ಮಾರುಕಟ್ಟೆಯಲ್ಲಿ ಅವಳು ಮೂಗು ಮುರಿದ ಪೆಟ್ಟಿಗೆಯನ್ನು ಮುಟ್ಟುವವರೇ ಇರಲಿಲ್ಲ. ಈಗ ಆ ಕೆಲಸಕ್ಕೆ ಕ್ಯಾಮೆರಾ ಬಂದಿದೆ. ಮೇಲಿನಿಂದ ಒಂದು ಫೋಟೊ, ಪರದೆಯ ಮೇಲೆ ದರ್ಜೆ. ಎಲ್ಲೋ ಕೂತವರು ಮೊಬೈಲಿನಲ್ಲೇ ಕೊಂಡುಬಿಡುತ್ತಾರೆ. ಅಕ್ಕನಿಗೆ ಉಳಿದದ್ದು ಎರಡು ಗುಂಡಿ. ಯಂತ್ರ ಹೇಳಿದ್ದು ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ತಿಂಗಳಿಗೆ ಐದು ಕೆಂಪು ದಾಟಿದರೆ ಕೆಲಸದಿಂದ ಹೊರಗೆ. ಮೂಗಿಲ್ಲದ್ದು ಯಂತ್ರಕ್ಕೆ, ತಪ್ಪು ಮಾತ್ರ ಮೂಗಿದ್ದವಳದ್ದು! ಥೂ, ಇದೂ ಒಂದು ನ್ಯಾಯವೇ.

ಮಾರುವವರೇನು ಕಡಿಮೆಯೇ? ವಾರದೊಳಗೆ ಕ್ಯಾಮೆರಾದ ಕಣ್ಣಿಗೆ ಮಣ್ಣೆರಚುವುದನ್ನು ಕಲಿತರು. ಕೊಳೆತ ಮೀನಿನ ಕಿವಿರಿಗೆ ಕೆಂಪು ಬಣ್ಣ, ಮೈಗೆ ಎಣ್ಣೆ. ಅಕ್ಕನ ಐದು ಕೆಂಪು ಹತ್ತನೇ ತಾರೀಖಿಗೇ ಮುಗಿದವು.

ಮರುದಿನ ಬಂದ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ನಾತ ಮೂಗಿಗೆ ಬಡಿಯಿತು. ಬೆರಳಿಟ್ಟರೆ ಪಚಕ್ಕನೆ ಒಳಗಿಳಿಯಿತು, ಉಗುರಿಗೆಲ್ಲ ಬಣ್ಣ ಹತ್ತಿತು. ಪರದೆ ಹೇಳಿತು: ಮೊದಲ ದರ್ಜೆ. ಕೊಂಡದ್ದು ಒಂದು ಆಸ್ಪತ್ರೆಯ ಅಡುಗೆಮನೆ.

ಒಂದು ಮೀನನ್ನು ಬಾಲ ಹಿಡಿದೆತ್ತಿ ಅಕ್ಕ ಗಾಜಿನ ಕೋಣೆಗೆ ನುಗ್ಗಿದಳು. ಅಲ್ಲಿ ಕೂತಿದ್ದ ಮೇಲ್ವಿಚಾರಕ ಅವಳ ಒಡಹುಟ್ಟಿದ ತಮ್ಮನೇ.

"ಏನಕ್ಕ ಇದು? ಮೇಜಿನ ಮೇಲೆ ಇಡಬೇಡ!"

"ಮೊದಲ ದರ್ಜೆ ಕಣೋ. ಮನೆಗೆ ತಗೊಂಡ್ಹೋಗು. ಹೆಂಡ್ತಿ ಮಕ್ಕಳಿಗೆ ಬೇಯಿಸಿ ಹಾಕು."

ತಮ್ಮ ಮೂಗು ಮುಚ್ಚಿಕೊಂಡ. "ಅಯ್ಯೋ, ಆಚೆ ಎಸಿ ಮೊದಲು! ವಾಂತಿ ಬರ್ತಿದೆ."

"ಹಾಗಾದ್ರೆ ಕೆಂಪು ಒತ್ತಲಾ?"

"ಆರಾಗುತ್ತೆ. ನಿನ್ನ ಹೆಸರು ತಾನಾಗೇ ಹೋಗಿಬಿಡುತ್ತೆ, ನನ್ನ ಕೈಲಿ ಏನೂ ಇಲ್ಲ. ಸುಮ್ನೆ ಹಸಿರು ಒತ್ತಕ್ಕ. ನಿನ್ನ ಗಂಟೇನು ಹೋಗುತ್ತೆ?"

"ಕಾಯಿಲೆಯವರ ಹೊಟ್ಟೆಗೆ ಹೋಗುತ್ತಲ್ಲೋ, ನಾಚಿಕೆಗೆಟ್ಟವನೇ!"

ಅಸಹ್ಯವಾಯಿತು ಅವಳಿಗೆ, ಮೀನಿಗಿಂತ ಹೆಚ್ಚಾಗಿ ಅವನನ್ನು ಕಂಡು. ವಾಪಸು ಬಂದವಳೇ ಕೆಂಪು ಗುಂಡಿ ಒತ್ತಿದಳು. ಅವಳ ಹೆಸರು ಅಳಿಸಿಹೋಯಿತು. ಈ ಪೆಟ್ಟಿಗೆಯನ್ನು ಬೇರೆ ಯಾರಾದರೂ ನೋಡಿ ಗುಂಡಿ ಒತ್ತಿ ಎಂದು ಪರದೆ ಕೇಳಿತು. ಹೋದರೆ ಹೋಗಲಿ ಈ ದರಿದ್ರ ಕೆಲಸ, ಕಣ್ಣಾರೆ ನೋಡಿದ ಮೇಲೆ ಇದನ್ನು ಯಾವನು ಕಳಿಸುತ್ತಾನೆ ಎಂದುಕೊಂಡು ನಲ್ಲಿಯತ್ತ ನಡೆದಳು.

ಕೈ ತೊಳೆದು ತಿರುಗಿದರೆ, ಅವಳ ಜಾಗದಲ್ಲಿ ತಮ್ಮ ನಿಂತಿದ್ದ. ಒಂದು ಕೈಯಲ್ಲಿ ಮೂಗು ಬಿಗಿಹಿಡಿದು, ಇನ್ನೊಂದರಿಂದ ಹಸಿರು ಒತ್ತಿದ.