ಒತ್ತಿ ಬಿಟ್ಟ ಮೇಲೆ

ನಾನು ಕೂಡಿಸುವುದು ಸ್ಪ್ರಿಂಗುಗಳನ್ನು. ಅಂಚೆಚೀಟಿ ಕೂಡಿಸುವವರನ್ನು ಯಾರೂ ಏನೂ ಕೇಳುವುದಿಲ್ಲ, ನಾಣ್ಯ ಕೂಡಿಸುವವರ ಗತ್ತಂತೂ ಬೇರೆಯೇ. ಸ್ಪ್ರಿಂಗು ಅಂದರೆ ಮಾತ್ರ ಹುಬ್ಬು ಮೇಲೇರುತ್ತದೆ, 'ಯಾಕೆ?' ಎಂಬ ಪ್ರಶ್ನೆ ಬರುತ್ತದೆ. ಯಾಕೆಂದರೆ ಒತ್ತಿದರೆ ಅವು ಉತ್ತರ ಕೊಡುತ್ತವೆ. ಮನುಷ್ಯರು ಒಂದು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಹೇಳುತ್ತಾರೆ, ನಾನು ಆ ಎರಡರ ನಡುವೆ ಪೆದ್ದಿಯಾಗಿ ನಿಂತಿರುತ್ತೇನೆ. ಸ್ಪ್ರಿಂಗು ಎಂದೂ ನನಗೆ ಹಾಗೆ ಮಾಡಿಲ್ಲ.

ನಾನು ಕೆಲಸ ಮಾಡುವುದು ಹೊಲಿಗೆ ಮಿಷನ್ ರಿಪೇರಿ ಅಂಗಡಿಯಲ್ಲಿ. ಹಳೆಯ ಸ್ಪ್ರಿಂಗು ಬಿಚ್ಚಿದಾಗ ಯಜಮಾನರು ಅದನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಾರೆ. ಪೆನ್ನಿನವು, ಟಾರ್ಚಿನವು, ಬಟ್ಟೆ ಕ್ಲಿಪ್ಪಿನವು, ಮುರಿದ ಆಟಿಕೆಯವು ಬೇರೆ ಬೇರೆ ಕಡೆಯಿಂದ ಬಂದಿವೆ. ಎಲ್ಲ ಇರುವುದು ನಮ್ಮ ನಡುಕೋಣೆಯ ಬೀರುವಿನಲ್ಲಿ. ಅದು ಮುಚ್ಚಿಹೋದ ಔಷಧಿ ಅಂಗಡಿಯೊಂದರದು, ಮೈತುಂಬ ಸಣ್ಣ ಸಣ್ಣ ಖಾನೆಗಳು. ಹೆಬ್ಬೆರಳಲ್ಲಿ ಒತ್ತಿ ಬಿಟ್ಟಾಗ ಸ್ಪ್ರಿಂಗು ಹೇಗೆ ಏಳುತ್ತದೆ ಎನ್ನುವುದೇ ಅಲ್ಲಿನ ಕ್ರಮ. ಮೇಲಿನ ಸಾಲಿನಲ್ಲಿ ಮುಂಗೋಪಿಗಳು, ಬಿಡುವುದೇ ತಡ ಹಾರುತ್ತವೆ. ಅದರ ಕೆಳಗೆ ಹೇಳಿದ ಮಾತು ಕೇಳುವವು. ಆಮೇಲೆ ಸೋಮಾರಿಗಳು. ಆಮೇಲೆ ಅರ್ಧ ಎದ್ದು ಅಲ್ಲೇ ನಿಲ್ಲುವವು. ಕೊನೆಯ ಸಾಲಿನಲ್ಲಿ ಏಳದೇ ಇರುವವು.

ಸಂಜೆ ಕೈಕಾಲು ತೊಳೆದು ಬೀರುವಿನ ಮುಂದೆ ಕೂತು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಒತ್ತುತ್ತಾ ಬರುತ್ತೇನೆ. ಅಂಗಡಿಯ ಗಿರಗಿರ ಸದ್ದು, ರಸ್ತೆಯ ಹಾರ್ನು, ಗಿರಾಕಿಗಳ ಮಾತು, ಎಲ್ಲ ತಲೆಯಿಂದ ಇಳಿದು ಹೋಗುತ್ತವೆ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಇಲ್ಲ.

ಮೂವತ್ತು ದಾಟಿದ ಮೇಲೆ ಒಬ್ಬ ಡಾಕ್ಟರು ನನಗೆ ಆಟಿಸಂ ಇದೆ ಅಂದರು. ಅಮ್ಮ ಅತ್ತಳು. ಅಣ್ಣ ಮಾತ್ರೆ ಕೇಳಿದ. ನನಗೆ ಖುಷಿಯಾಯಿತು. ಅಷ್ಟು ವರ್ಷ ಎಲ್ಲರೂ ನನ್ನನ್ನು ಯಾವ ಖಾನೆಗೆ ಹಾಕುವುದೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಹೋದ ತಿಂಗಳು ಬಟ್ಟೆ ಕಾರ್ಖಾನೆಯೊಂದರ ಮಿಷನ್ ಸರಿಮಾಡಲು ಯಜಮಾನರ ಜೊತೆ ಬೇರೆ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಬೇಕರಿಯಲ್ಲಿ ಬ್ರೆಡ್ ಮಾಡುವವರು, ವಾರಕ್ಕೊಂದೇ ರಜ.

"ಕಣ್ಮುಚ್ಚು. ಬಾ. ಈಗ ತೆಗಿ," ಅಂದರು.

ಖಾನೆಗಳೆಲ್ಲ ತೆರೆದಿದ್ದವು. ಒಂದೊಂದು ಸ್ಪ್ರಿಂಗೂ ಎಣ್ಣೆ ಹಾಕಿ ಒರೆಸಿ ಫಳಫಳ ಅನ್ನುತ್ತಿತ್ತು. ಗಿಡ್ಡವು ಮೇಲೆ, ಉದ್ದವು ಕೆಳಗೆ.

"ಎಲ್ಲ ಕಲಸುಮೇಲೋಗರ ಆಗಿತ್ತು ಕಣೆ. ನಿಂಗೆ ಅಂತ ಕೂತು ಜೋಡಿಸಿದೆ."

ಆಮೇಲೆ ಏನಾಯಿತೆಂದರೆ ನಾನು ನೆಲದ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಯಾರೋ ಕಿರುಚುತ್ತಿದ್ದರು, ಅದು ನಾನೇ. ಪಕ್ಕದ ಮನೆಯವರು ಬಂದು ಇಣುಕಿದರು. ಅತ್ತಿಗೆ ಎಣ್ಣೆ ಬಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದರು.

ನನ್ನ ಉಸಿರು ಹದಕ್ಕೆ ಬಂದ ಮೇಲೆ ಅಣ್ಣ ಎದುರಿಗೆ ಕೂತ. ಅವನಿಗೆ ಹೆದರಿಕೆಯಾಗಿತ್ತು. ಹೆದರಿದಾಗ ಅವನು ಯಜಮಾನಿಕೆ ಮಾಡುತ್ತಾನೆ.

"ಇದು ನಿನ್ನ ತಲೆ ಕೆಡಿಸ್ತಿದೆ. ಈಗಿರೋ ಹಾಗೆ ಇರತ್ತೆ ಅಂದ್ರೆ ಇರ್ಲಿ. ಇಲ್ಲಾಂದ್ರೆ ಭಾನುವಾರ ಗುಜರಿಗೆ ಹಾಕ್ತೀನಿ."

"ಈಗಿರೋ ಹಾಗಿದ್ರೆ ಅದು ಬರೀ ಕಬ್ಬಿಣ. ನಾನು ಮೊದಲಿನ ಹಾಗೆ ಮಾಡ್ತೀನಿ."

"ಭಾನುವಾರದೊಳಗೆ? ಅಷ್ಟನ್ನೂ? ಮುಗೀಲಿಲ್ಲ ಅಂದ್ರೆ ಗುಜರಿಗೇ."

"ಮಾಡ್ತೀನಿ."

ಹಳೆಯ ಬೆಡ್‌ಶೀಟು ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿದೆ. ಒತ್ತು, ಬಿಡು, ನೋಡು, ಖಾನೆಗೆ ಹಾಕು. ಹೆಬ್ಬೆರಳು ಊದಿಕೊಂಡಿತು, ಎಡಗೈಯದಕ್ಕೆ ಬದಲಾಯಿಸಿದೆ. ಹಿಡಿದಿದ್ದೇ ಹಟ ಇವಳದು ಎಂದು ಅಮ್ಮ ಗೊಣಗಿದಳು. ಹಟವೇ. ಹಟ ಇಲ್ಲದಿದ್ದರೆ ನನ್ನನ್ನು ಯಾವತ್ತೋ ಎಲ್ಲರೂ ಸೇರಿ ಉದ್ದ ಗಿಡ್ಡ ನೋಡಿ ಜೋಡಿಸಿಬಿಡುತ್ತಿದ್ದರು.

ಅತ್ತಿಗೆ ಮಾತು ಬಿಟ್ಟಿದ್ದರು. ಅಡುಗೆಮನೆಯಲ್ಲಿ ಪಾತ್ರೆಗಳು ಮಾತ್ರ ಜೋರಾಗಿ ಮಾತಾಡುತ್ತಿದ್ದವು. ಸದ್ದಿನಲ್ಲಿ ಹೇಳುವುದು ನನಗೆ ತಿಳಿಯುವುದಿಲ್ಲ. ಶನಿವಾರ ಸಂಜೆ ಅವರೇ ಬಂದು ನಿಂತರು.

"ಇದ್ದ ಒಂದು ರಜ ಇದಕ್ಕೇ ಹಾಕಿದೆ. ನಂಗೆ ಬೇಜಾರಾಗಿದೆ."

ನೇರವಾಗಿ ಹೇಳಿದ್ದರಿಂದ ತಿಳಿಯಿತು. "ನನಗೋಸ್ಕರ ಮಾಡಿದ್ರಿ ಅಂತ ಗೊತ್ತು ಅತ್ತಿಗೆ. ಆದ್ರೂ ಅದು ತಪ್ಪು ಜೋಡಣೆ," ಅಂದೆ. ಅವರ ಮುಖ ಇನ್ನಷ್ಟು ಬಿಗಿಯಿತು. ಅವರನ್ನು ಸುಮ್ಮನೆ ಕಳಿಸಿಬಿಡಬಾರದು ಅನ್ನಿಸಿತು. "ಬ್ರೆಡ್ ಹಿಟ್ಟು ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗತ್ತೆ ನಿಮಗೆ?"

"ಅದಕ್ಕೂ ಇದಕ್ಕೂ ಏನು ಸಂಬಂಧ? ಬೆರಳಿಂದ ಒತ್ತಿ ನೋಡ್ತೀನಿ. ಒತ್ತಿದ ಗುಳಿ ತಕ್ಷಣ ತುಂಬಿಕೊಂಡ್ರೆ ಇನ್ನೂ ಟೈಮ್ ಬೇಕು. ಮೆಲ್ಲಗೆ ತುಂಬಿಕೊಂಡ್ರೆ ಹದ. ಹಾಗೇ ಉಳಿದ್ರೆ ಹೋಯ್ತು ಅಂತ."

"ಉಂಡೆ ಎಷ್ಟು ದಪ್ಪ ಇದೆ ಅಂತ ನೋಡಿ ಒಲೆಗೆ ಹಾಕಿದ್ರೆ?"

"ಅಂಥವರನ್ನ ನಮ್ಮ ಬೇಕರಿ ಒಳಗೇ ಬಿಡಲ್ಲ," ಅಂದವರು ಅಲ್ಲಿಗೇ ನಿಂತರು. ಬೆಡ್‌ಶೀಟಿನ ಮೇಲಿದ್ದುದನ್ನು ನೋಡಿದರು. ಬೀರುವನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ನನ್ನೆದುರು ಕೂತು ಬೆರಳು ಮುಂದೆ ಮಾಡಿದರು. "ಕೊಡು."

ಅವರ ಬೆರಳು ಚೆನ್ನಾಗಿತ್ತು, ಆದರೆ ನಿಧಾನ. ನಾನು ಬಿಟ್ಟ ಕ್ಷಣವೇ ತೀರ್ಮಾನ ಮಾಡುತ್ತೇನೆ, ಅವರು ಒತ್ತಿ ಬಿಟ್ಟು ಸುಮ್ಮನೆ ನೋಡುತ್ತಾ ಕೂರುತ್ತಿದ್ದರು.

"ಬೇಗ ಅತ್ತಿಗೆ."

"ಹಿಟ್ಟಿಗೆ ಬೇಗ ಅಂದ್ರೆ ಏಳತ್ತಾ?"

ಭಾನುವಾರ ತಿಂಡಿ ಆದ ಮೇಲೆ ಅಣ್ಣ ಗೋಣಿಚೀಲ ತಂದ. ಬೆಡ್‌ಶೀಟಿನ ಮೇಲೆ ಇನ್ನೂ ಒಂದು ಸಾಲಿನಷ್ಟು ಉಳಿದಿತ್ತು.

"ಮುಗೀಲಿಲ್ಲ ತಾನೇ? ಸಾಕು ಬಿಡು. ಬೆರಳು ನೋಡ್ಕೋ ಹೇಗಾಗಿದೆ."

ನಾನು ಬೀರುವಿಗೆ ಬೆನ್ನು ಕೊಟ್ಟು ಕೂತೆ. "ಮುಗೀಲಿಲ್ಲ. ಮುಗಿಸ್ತೀನಿ. ಈ ವಾರ ಆಗದಿದ್ರೆ ಮುಂದಿನ ವಾರ. ನನ್ನನ್ನ ಎತ್ತಿ ಆಚೆ ಇಟ್ಟು ತಗೊಂಡು ಹೋಗ್ತೀಯಾ, ಹೋಗು. ನಾನಾಗಿ ಏಳಲ್ಲ."

ಅಣ್ಣ ಚೀಲದ ಬಾಯಿ ಬಿಡಿಸಿದ.

"ತಡೀರಿ," ಅಂದರು ಅತ್ತಿಗೆ. ಅವರ ಕೈಯಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಕೂತ ದಪ್ಪ ಸ್ಪ್ರಿಂಗೊಂದಿತ್ತು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನದು. ಅದರ ತಲೆಯನ್ನು ಒತ್ತಿ ಬಿಟ್ಟಿದ್ದರು.

"ಅದು ಏಳಲ್ಲ ಅತ್ತಿಗೆ. ತಂದಾಗಿನಿಂದ ಕೊನೇ ಸಾಲಿನದೇ. ಆ ಖಾನೆಗೆ ಹಾಕಿ."

"ಸ್ವಲ್ಪ ಸುಮ್ನಿರು."

ನಾವು ಅದರ ತಲೆಯನ್ನೇ ನೋಡುತ್ತಾ ಕಾದೆವು. ಅಣ್ಣನೂ ಚೀಲ ಹಿಡಿದುಕೊಂಡು ಬಗ್ಗಿ ನೋಡಿದ. ಬೇರೆ ಕಡೆ ನೋಡೋಣ ಅಂದುಕೊಂಡವಳಿಗೆ ಅದರ ತಲೆ ಕದಲಿದಂತೆ ಕಂಡಿತು. ಮೆಲ್ಲಗೆ, ನಿದ್ದೆಯಿಂದ ಎದ್ದ ಮಗುವಿನ ಹಾಗೆ ಬೇಡವೋ ಬೇಕೋ ಎನ್ನುತ್ತಾ ಅದು ಮೇಲೆ ಬಂತು. ಪೂರ್ತಿ ಬಂತು. ಒಳಗೆ ಗಟ್ಟಿಯಾಗಿದ್ದ ಹಳೆಯ ಜಿಡ್ಡನ್ನು ಅತ್ತಿಗೆ ಹಾಕಿದ ಎಣ್ಣೆ ಸಡಿಲಿಸಿತ್ತು.

ಅತ್ತಿಗೆ ನನ್ನನ್ನು ಕೇಳಲಿಲ್ಲ. ಎದ್ದು ಅದನ್ನು ಸೋಮಾರಿಗಳ ಸಾಲಿಗೆ ಹಾಕಿದರು. ಸರಿಯಾದ ಖಾನೆಗೇ ಹಾಕಿದರು.

ಅಣ್ಣ ಅದನ್ನು ತೆಗೆದು ತಾನೂ ಒತ್ತಿದ. ಕಾದ. ಇನ್ನೊಮ್ಮೆ ಒತ್ತಿ ಕಾದ. ಆಮೇಲೆ ಗೋಣಿಚೀಲವನ್ನು ಮಡಿಸಿ ನೆಲಕ್ಕೆ ಹಾಕಿ, ಅದರ ಮೇಲೆ ಕೂತ.

"ಇನ್ನೊಂದು ಕೊಡು," ಅಂದ.

ನಾನು ಎದ್ದು ಕೊನೆಯ ಸಾಲಿನ ಖಾನೆಗಳನ್ನೆಲ್ಲ ಎಳೆದೆ. ಏಳುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿ ವರ್ಷಗಟ್ಟಲೆ ಅಲ್ಲಿ ಮಲಗಿಸಿದ್ದವನ್ನೆಲ್ಲ ಬೆಡ್‌ಶೀಟಿನ ಮೇಲೆ ಸುರಿದೆ. ಒಂದನ್ನೂ ಬಿಡದೆ ಮತ್ತೆ ಒತ್ತಬೇಕು. ಈ ಸಲ ಕಾಯಬೇಕು.